ಸೆಲ್ಲಾರ್ ಮಣ್ಣು: ಲೋಡ್ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: 30×40 ಅಡಿ, 10 ಅಡಿ ಆಳದ ಸೆಲ್ಲಾರ್ ಅಗೆತಕ್ಕೆ 300 ಘನ ಅಡಿ ಟಿಪ್ಪರ್‌ನಲ್ಲಿ 40 ಲೋಡ್ ಎಂದು ದರ ಕೊಟ್ಟೆ. ಇನ್ನೂ ಮಣ್ಣು ಉಳಿದಿದೆ. ಏಕೆ?

ಉತ್ತರ: ನೀವು ಲೆಕ್ಕ ಹಾಕಿದ 12,000 ಘನ ಅಡಿ ನೆಲದೊಳಗಿನ ಗಟ್ಟಿ ಮಣ್ಣಿನದು. ಅಗೆಯುವ ಯಂತ್ರದ ಬಕೆಟ್ ತಾಗಿದೊಡನೆ ಅದು ಸಡಿಲಾಗಿ ಉಬ್ಬುತ್ತದೆ. ಕೆಂಪು ಮಣ್ಣಿಗೆ ಶೇ. 25 ಹಿಡಿದರೂ 15,000, ಅಂದರೆ 50 ಲೋಡ್. ಒಡೆದ ಬಂಡೆಯಾದರೆ ಶೇ. 50ರಷ್ಟು ಉಬ್ಬುವುದುಂಟು, ಬಂಡೆ ಒಡೆಯುವ ಬ್ರೇಕರ್ ಯಂತ್ರದ ಕೆಲಸಕ್ಕೆ ಗಂಟೆಯ ದರವನ್ನೇ ಬೇರೆಯಾಗಿ ಬರೆಸಿಕೊಳ್ಳಿ.

ಅಂದಹಾಗೆ, ಅಂಚಿನವರೆಗೂ ನೇರವಾಗಿ ಕಡಿದಿದ್ದೀರಾ? ಪಕ್ಕದ ಮನೆಯ ಪಾಯ ನಿಮ್ಮ ಗುಂಡಿಯ ತಳಕ್ಕಿಂತ ಮೇಲಿದ್ದರೆ ಒಂದು ಮಳೆ ಸಾಕು, ಮಣ್ಣು ಜಾರುತ್ತದೆ. ಆ ಬದಿಯನ್ನು 5–6 ಅಡಿ ಅಗಲದ ತುಂಡುಗಳಲ್ಲಿ, ಒಂದು ಬಿಟ್ಟು ಒಂದರಂತೆ ಅಗೆದು, ತಡೆಗೋಡೆ ಕಟ್ಟುತ್ತಾ ಸಾಗಿ.