ಕಾಡುಹಂದಿಯೋ, ಸಾಕುಹಂದಿಯೋ?

ಪ್ರಶ್ನೆ: ಇಂಗ್ಲೆಂಡಿನ ವೆಸ್ಟ್ ಸ್ಟೋದಂಥ ಹಳೆಯ ಊರುಗಳಲ್ಲಿ ಹಂದಿ ಸಾಕುತ್ತಿದ್ದರಂತೆ. ಸಿಕ್ಕ ಮೂಳೆ ಬೇಟೆಯದ್ದಲ್ಲ ಎಂದು ಹೇಗೆ ಗೊತ್ತಾಗುತ್ತದೆ?

ಉತ್ತರ: ವೆಸ್ಟ್ ಸ್ಟೋ ಸಫೋಕ್‌ನಲ್ಲಿರುವ, 5ರಿಂದ 7ನೇ ಶತಮಾನದ ಆಂಗ್ಲೋ-ಸ್ಯಾಕ್ಸನ್ ಊರು. ಇಂಥ ಕಡೆ ಮೊದಲು ನೋಡುವುದು ಕೆಳದವಡೆಯನ್ನು. ಮೂರನೇ ದವಡೆಹಲ್ಲಿನ ಉದ್ದ ಅಳೆದರೆ ಕಾಡುಹಂದಿಯದು ಸಾಮಾನ್ಯವಾಗಿ ದೊಡ್ಡದು. ವಯಸ್ಸೂ ಹಲ್ಲಿನಲ್ಲೇ ಇದೆ: ಮೊದಲ ದವಡೆಹಲ್ಲು ಸುಮಾರು 4–6 ತಿಂಗಳಿಗೆ, ಎರಡನೆಯದು 7–13ಕ್ಕೆ, ಮೂರನೆಯದು 17–22ಕ್ಕೆ ಮೂಡುತ್ತದೆ. ಮೂರನೆಯದು ಇನ್ನೂ ಹೊರಬರದ ದವಡೆಗಳೇ ರಾಶಿಯಲ್ಲಿ ಹೆಚ್ಚಿದ್ದರೆ, ಎರಡು ವರ್ಷ ತುಂಬುವ ಮೊದಲೇ ಕಡಿದಿದ್ದಾರೆ ಎಂದರ್ಥ. ಹಾಲು, ಉಣ್ಣೆ ಕೊಡದ ಪ್ರಾಣಿಯನ್ನು ಅದಕ್ಕಿಂತ ಹೆಚ್ಚು ಕಾಲ ಮೇಯಿಸುವುದು ದಂಡ. ಗಂಡು-ಹೆಣ್ಣು ತಿಳಿಯಲು ಕೋರೆಹಲ್ಲು ಸಾಕು. ಗಂಡಿನದರ ಬೇರು ಕೊನೆಯವರೆಗೂ ತೆರೆದಿರುತ್ತದೆ, ಹೆಣ್ಣಿನದು ಮುಚ್ಚಿಕೊಳ್ಳುತ್ತದೆ. ಆಗತಾನೆ ಹುಟ್ಟಿದ ಮರಿಗಳ ಮೂಳೆ ಸಿಕ್ಕರಂತೂ ಊರಲ್ಲೇ ಈಯುತ್ತಿದ್ದವು ಎನ್ನಲು ಅದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಎಡವಟ್ಟಾಗುವುದೂ ಇಲ್ಲೇ. ಮಣ್ಣನ್ನು ಜರಡಿ ಹಿಡಿಯದೆ ಕೈಯಲ್ಲೇ ಆರಿಸಿದರೆ ಮರಿಗಳ ಸಣ್ಣ, ಮೆದು ಮೂಳೆ ಕಣ್ತಪ್ಪುತ್ತದೆ. ನಾಯಿಗಳು ಅಗಿದು ಮುಗಿಸಿದ್ದು ಬೇರೆ. ಆಗ ದನದ ಲೆಕ್ಕ ಉಬ್ಬಿ, ಹಂದಿಯದು ಕುಗ್ಗುತ್ತದೆ.