ಹೊರಗಿನವರು ಬಂದರೆ ಕೂಲಿ ಇಳಿಯಲೇಬೇಕಾ?

ಕೆಲಸಗಾರರು ಜಾಸ್ತಿಯಾದರೆ ಕೂಲಿ ಇಳಿಯಲೇಬೇಕು, ಇದರಲ್ಲಿ ಚರ್ಚೆ ಏನಿದೆ ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕ ಅರ್ಧ ಸರಿ. ಬಂದವರು ಬರೀ ದುಡಿಯುವುದಿಲ್ಲ, ಬಾಡಿಗೆ ಕಟ್ಟುತ್ತಾರೆ, ಸಾಮಾನು ಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ, ಅದರಿಂದ ಬೇರೆಯವರಿಗೂ ಕೆಲಸ ಹುಟ್ಟುತ್ತದೆ ಅಲ್ವಾ?

1980ರಲ್ಲಿ ಕ್ಯೂಬಾದಿಂದ ಸುಮಾರು 1,25,000 ಜನ ಕೆಲವೇ ತಿಂಗಳಲ್ಲಿ ದೋಣಿ ಹತ್ತಿ ಅಮೆರಿಕಕ್ಕೆ ಬಂದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಯಾಮಿಯಲ್ಲೇ ಉಳಿದರು, ಆ ಊರಿನ ದುಡಿಯುವವರ ಸಂಖ್ಯೆ ಒಂದೇ ಏಟಿಗೆ ಸುಮಾರು 7% ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಲೆಕ್ಕ ಹಾಕಿದಾಗ ಅಲ್ಲಿನವರ ಕೂಲಿಗೆ ಹೇಳಿಕೊಳ್ಳುವಂಥ ಪೆಟ್ಟು ಕಾಣಲಿಲ್ಲ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಒಪ್ಪಲಿಲ್ಲ. ಹೈಸ್ಕೂಲು ಮುಗಿಸದ ಗಂಡಸರನ್ನಷ್ಟೇ ನೋಡಿ, ಅವರ ಕೂಲಿ ಚೆನ್ನಾಗಿಯೇ ಕುಸಿದಿದೆ ಎಂದರು. ಅಷ್ಟು ಚಿಕ್ಕ ಗುಂಪಿನ ಮೇಲೆ ಅಷ್ಟು ದೊಡ್ಡ ಮಾತು ಕಟ್ಟಬಹುದಾ ಅನ್ನುವುದು ನನ್ನ ಅನುಮಾನ. (2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು, ಜಗಳ ಮಾತ್ರ ನಿಂತಿಲ್ಲ.)

ಉಲ್ಟಾ ಉದಾಹರಣೆಯೂ ಇದೆ. ಮೆಕ್ಸಿಕೋದಿಂದ ಹೊಲದ ಕೆಲಸಕ್ಕೆ ಜನ ಕರೆಸುತ್ತಿದ್ದ ಬ್ರಸೇರೋ ಯೋಜನೆಯನ್ನು ಅಮೆರಿಕ 1964ರ ಕೊನೆಗೆ ನಿಲ್ಲಿಸಿತು, ಸ್ಥಳೀಯರ ಕೂಲಿ ಏರಲಿ ಅಂತ. ಆದರೆ ಅವರು ಹೆಚ್ಚಿದ್ದ ರಾಜ್ಯಗಳಲ್ಲಿ ಕೂಲಿ, ಆ ಕೆಲಸಗಾರರೇ ಇರದ ರಾಜ್ಯಗಳಿಗಿಂತ ಜಾಸ್ತಿಯೇನೂ ಏರಲಿಲ್ಲ. ಕೂಲಿ ಏರಿಸುವ ಬದಲು ಕ್ಯಾಲಿಫೋರ್ನಿಯಾದ ಟೊಮೆಟೊ ಬೆಳೆಗಾರರು ಸುಲಭಕ್ಕೆ ಜಜ್ಜಿಹೋಗದ ತಳಿ ಹಾಕಿ, ಕೊಯ್ಲಿಗೆ ಯಂತ್ರ ಇಳಿಸಿಬಿಟ್ಟರು!

ಹಾಗಂತ ಯಾರಿಗೂ ಪೆಟ್ಟು ಬೀಳುವುದಿಲ್ಲ ಅಂತಲ್ಲ. ಬಂದವರು ಮಾಡುವ ಕೆಲಸವನ್ನೇ ಮಾಡುತ್ತಿರುವವರಿಗೆ, ಅದರಲ್ಲೂ ಮೊದಲೇ ವಲಸೆ ಬಂದವರಿಗೆ ಜಾಸ್ತಿ ತಟ್ಟುತ್ತದೆ. ನೀವು ಹೇಳಿದ ಇಳಿತವನ್ನು ಮೊದಲು ಅವರಲ್ಲೇ ಹುಡುಕಿ.