ಚೀಲದಲ್ಲಿದ್ದದ್ದು ಕಳಲೆ, ಹೇಳಿದ್ದು ಕೆಸುವಿನ ಸೊಪ್ಪು

ಪ್ರಶ್ನೆ: ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಮೊನ್ನೆ ಮಳೆಯಲ್ಲಿ ರಿಸರ್ವ್ ಫಾರೆಸ್ಟಿಗೆ ಹೋಗಿ ನಾಲ್ಕು ಕಳಲೆ, ಅಂದರೆ ಎಳೆ ಬಿದಿರ ಮೊಳಕೆ, ಮುರಿದು ತಂದೆ. ದಾರಿಯಲ್ಲಿ ಪರಿಚಯದ ಗಾರ್ಡ್ ಸಿಕ್ಕಿ, ‘ಚೀಲದಲ್ಲಿ ಏನಣ್ಣ?’ ಅಂದರು. ‘ಕೆಸುವಿನ ಸೊಪ್ಪು ಮಾರಾಯ್ರೇ’ ಅಂದುಬಿಟ್ಟೆ. ಅವರು ನಕ್ಕು ಹೋದರು. ಕಳಲೆ ತಂದದ್ದಕ್ಕೆ ಬೇಜಾರಿಲ್ಲ, ಊರವರೆಲ್ಲ ತರುತ್ತಾರೆ. ನೆಂಟರ ಮುಂದೆ ಈ ಕಥೆ ಹೇಳಿ ನಗಿಸಿದ್ದೂ ಆಯಿತು. ಆದರೆ ಆ ಸುಳ್ಳು ಮಾತ್ರ ಚುಚ್ಚುತ್ತಿದೆ. ನಾನು ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಉತ್ತರ: ನಾನೂ ಕಳಲೆ ಹುಳಿ ಉಂಡೇ ಬೆಳೆದವನು. ಪಲ್ಯದ ವಿರುದ್ಧ ತೀರ್ಪು ಕೊಡಲು ನಾಲಿಗೆ ಏಳುವುದಿಲ್ಲ!

ಆದರೂ ನಿಯಮ ನೀವಂದುಕೊಂಡಷ್ಟು ಸಣ್ಣದಲ್ಲ. ರಿಸರ್ವ್ ಫಾರೆಸ್ಟಿನಿಂದ ಅನುಮತಿಯಿಲ್ಲದೆ ಹೀಗೆ ತರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನದ ಪಟ್ಟಿಗೆ ಸೇರಿಸಿದೆ ನಿಜ. ಆ ಹಕ್ಕು ಬುಡಕಟ್ಟಿನವರಿಗೆ, ಕಾಡನ್ನೇ ನಂಬಿ ಬದುಕುತ್ತಾ ಬಂದವರಿಗೆ. ಕಾಡಂಚಿನಲ್ಲಿ ತೋಟ ಇದ್ದವರಿಗೆಲ್ಲ ಅಲ್ಲ. ಒಂದು ಕಳಲೆ ಮುರಿದರೆ ಬಿದಿರು ಮೆಳೆಗೆ ಒಂದು ಗಳ ಕಡಿಮೆ. ನಾಲ್ಕು ಹೋದರೆ ಮೆಳೆ ಸಾಯುವುದಿಲ್ಲ. ಆದರೆ ‘ಊರವರೆಲ್ಲ’ ಅಂದಿರಲ್ಲ, ಲೆಕ್ಕ ಶುರುವಾಗುವುದೇ ಅಲ್ಲಿ.

ಇನ್ನು ಸುಳ್ಳಿನ ವಿಷಯ. ನೀವು ನಿಜವನ್ನು ಎಲ್ಲರಿಗೂ ಹೇಳಿದ್ದೀರಿ, ನೆಂಟರಿಗೆ, ಈಗ ನನಗೆ. ಯಾರಿಗೆ ಹೇಳಿದರೆ ಕೈಯಿಂದ ದುಡ್ಡು ಬಿಡಬೇಕಾಗುತ್ತಿತ್ತೋ ಅವರೊಬ್ಬರಿಗೆ ಬಿಟ್ಟು. ಚುಚ್ಚುವುದು ಇದೇ, ಅಲ್ವಾ? ನಿಜ ಹೇಳಿದ್ದರೆ ಗಾರ್ಡ್ ಬೈಯಬಹುದಿತ್ತು, ದಂಡ ಹಾಕಬಹುದಿತ್ತು, ‘ಇದೊಂದು ಸಲ ಹೋಗಿ’ ಅನ್ನಲೂಬಹುದಿತ್ತು. ಅದು ಅವರು ತೀರ್ಮಾನಿಸಬೇಕಾದ ಮಾತು. ಅದನ್ನು ನೀವೇ ತೀರ್ಮಾನಿಸಿಬಿಟ್ಟಿರಿ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರೂ ಕಾನೂನು ಮುರಿದರು. ಭೂಮಾಲೀಕರು ಬಿಡಿಸಿದ್ದ ಗದ್ದೆಗೆ ನೇಗಿಲು ಹಿಡಿದು ಎಲ್ಲರ ಕಣ್ಣೆದುರೇ ಇಳಿದರು, ಜೈಲಿಗೂ ಹೋದರು. ನಿಮ್ಮ ಪಲ್ಯವನ್ನು ಅದಕ್ಕೆ ಹೋಲಿಸುತ್ತಿಲ್ಲ, ಗಾಬರಿಯಾಗಬೇಡಿ. ಅವರು ಮುಚ್ಚಿಡಲಿಲ್ಲ ಅನ್ನುವುದಷ್ಟೇ ನನ್ನ ಮಾತು.

ಗಾರ್ಡ್ ಒಬ್ಬರೇ ಸಿಕ್ಕಾಗ ಹೇಳಿಬಿಡಿ: ‘ಅವತ್ತು ಚೀಲದಲ್ಲಿ ಇದ್ದದ್ದು ಕಳಲೆ.’ ಅವರ ಮೇಲಿನವರ ಎದುರು ಬೇಡ, ಪಾಪ ಅವರು ಸಿಕ್ಕಿಬೀಳುತ್ತಾರೆ. ದಂಡ ಹಾಕಿದರೆ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಮತ್ತೆ, ಪ್ರೀತಿಗೆ ಅಂತ ಕಳಲೆ ಪಲ್ಯದ ಡಬ್ಬಿ ಹಿಡಿದುಕೊಂಡು ಹೋಗಬೇಡಿ. ಅದು ಲಂಚದ ತಮ್ಮ.